ತಾರೀಖು ಸಮೇತ

ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತವರ ನಡುವೆ ಇತಿಹಾಸ ಹುಟ್ಟುವಷ್ಟು ಸಲೀಸಾಗಿ ಇನ್ನೆಲ್ಲೂ ಹುಟ್ಟುವುದಿಲ್ಲ. ಹೊಟ್ಟೆ ಹಸಿದಿರುತ್ತದೆ, ಕೈಯಲ್ಲಿ ಮೊಬೈಲ್ ಇರುತ್ತದೆ, ಪಕ್ಕದ ಕುರ್ಚಿಯಲ್ಲಿ ತಪ್ಪಿಸಿಕೊಳ್ಳಲಾಗದ ಒಬ್ಬ ನೆಂಟ ಸಿಕ್ಕಿರುತ್ತಾನೆ. ಇನ್ನೇನು ಬೇಕು? ಯಾರೋ ಒಬ್ಬ ಹಿರಿಯರು ಶಲ್ಯ ಸರಿಮಾಡಿಕೊಂಡು, 'ಆ ಮೆಕಾಲೆ ಏನಂದಿದ್ದ ಗೊತ್ತೇನ್ರೀ?' ಎಂದು ಶುರು ಹಚ್ಚುತ್ತಾರೆ.

ಗೊತ್ತಿಲ್ಲದೆ ಏನು! 1835ರ ಫೆಬ್ರವರಿ 2ರಂದು ಅವನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತನಂತೆ. ಭಾರತದ ಉದ್ದಗಲ ಸುತ್ತಿ ಬಂದೆ, ಒಬ್ಬ ಭಿಕ್ಷುಕನೂ ಕಾಣಲಿಲ್ಲ, ಒಬ್ಬ ಕಳ್ಳನೂ ಕಾಣಲಿಲ್ಲ, ಇಂಥವರ ಬೆನ್ನುಮೂಳೆ ಮುರಿಯಬೇಕಾದರೆ ಮೊದಲು ಅವರ ವಿದ್ಯಾಭ್ಯಾಸ ಕೆಡಿಸಬೇಕು ಅಂದನಂತೆ. ಕೇಳಿದವರೆಲ್ಲ ತಲೆದೂಗುತ್ತಾರೆ. ತೂಗದೆ ಏನು ಮಾಡುವುದು, ತಾರೀಖು ಬೇರೆ ಹೇಳಿದ್ದಾರಲ್ಲ!

ಸಿಕ್ಕಿಬೀಳುವುದೂ ಆ ತಾರೀಖಿನಲ್ಲೇ. ಆ ದಿನ ಮೆಕಾಲೆ ಕಲ್ಕತ್ತೆಯಲ್ಲಿದ್ದ. ಶಿಕ್ಷಣದ ಬಗ್ಗೆ ಅವನು ಬರೆದ ಪ್ರಸಿದ್ಧ ಟಿಪ್ಪಣಿಯ ಕೆಳಗಿರುವುದು ಅದೇ 2ನೇ ತಾರೀಖು. ಲಂಡನ್ನಿಂದ ಇಲ್ಲಿಗೆ ಹಡಗಿನಲ್ಲಿ ನಾಲ್ಕು ತಿಂಗಳ ದಾರಿ. ಹಡಗು ಹತ್ತುವ ಮೊದಲೇ ಅವನು ಪಾರ್ಲಿಮೆಂಟಿನ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿದ್ದ. ಬೆಳಿಗ್ಗೆ ಕಲ್ಕತ್ತೆಯಲ್ಲಿ ಟಿಪ್ಪಣಿ ಬರೆದು ಸಂಜೆಗೆ ಲಂಡನ್ನಿನಲ್ಲಿ ಭಾಷಣ ಮಾಡಲು ಅವನೇನು ಹನುಮಂತನೇ? ಹೀಗೆಂದು ನೋಡಿ, ಹಿರಿಯರು ನಿಮ್ಮನ್ನು ಮೇಲಿಂದ ಕೆಳಗೆ ಅಳೆದು, 'ನೀವು ಮೆಕಾಲೆ ಕಡೆಯವರೋ?' ಎನ್ನುತ್ತಾರೆ. ಇಸವಿ ತಿದ್ದಿದರೆ ಪಕ್ಷ ಕೇಳುವ ದೇಶ ನಮ್ಮದು.

ಅವನು ಉದ್ದಗಲ ಸುತ್ತಿದ್ದಾದರೂ ಎಷ್ಟು? 1834ರ ಜೂನ್‌ನಲ್ಲಿ ಮದರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ಬೆಂಟಿಂಕ್ ಊಟಿಯ ತಂಪಿನಲ್ಲಿದ್ದ. ಅವನನ್ನು ಕಾಣಲು ನಾನೂರು ಮೈಲಿ ಮೇನೆಯಲ್ಲಿ ಹೊರಿಸಿಕೊಂಡು ಹೋದ. ದಾರಿ ಯಾವುದು ಅಂತೀರಿ? ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು! ಶ್ರೀರಂಗಪಟ್ಟಣ ನೋಡುವ ಚಪಲ ಅವನಿಗೆ ಜಾಸ್ತಿಯೇ ಇತ್ತು, ಅವನ ದೊಡ್ಡಪ್ಪನೊಬ್ಬ ಹಿಂದೆ ಅಲ್ಲಿ ಸೆರೆಯಲ್ಲಿ ಕೊಳೆತಿದ್ದ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡ. ಕಂಪನಿಯವರು ಅವರ ಕೈಯಿಂದ ಆಡಳಿತ ಕಿತ್ತುಕೊಂಡು ಆಗ ಮೂರು ವರ್ಷ. ಪಾಪ, ದೊರೆ ಬಂದ ಅತಿಥಿಗೆ ತಮ್ಮ ಪೋಷಾಕುಗಳನ್ನೆಲ್ಲ ತೋರಿಸಿದರು, ಚಿತ್ರಶಾಲೆಗೂ ಕರೆದುಕೊಂಡು ಹೋದರು. ಅಲ್ಲಿ ನರಿ ಬೇಟೆಯಂಥ ಆರೇಳು ಅಗ್ಗದ ಇಂಗ್ಲಿಷ್ ಪಟಗಳು. ಅವರು ತುಂಬ ಹೆಮ್ಮೆಯಿಂದ ತೋರಿಸಿದ್ದು ಡ್ಯೂಕ್ ಆಫ್ ವೆಲಿಂಗ್ಟನ್ನನ ಮುಖದ ಒಂದು ಚಿತ್ರವನ್ನು. ಇದು ಖಂಡಿತ ಇಂಗ್ಲೆಂಡಿನಲ್ಲಿ ಎಲ್ಲೋ ಬೋರ್ಡಾಗಿ ನೇತಾಡಿದ್ದೇ ಸರಿ ಎಂದು ಮೆಕಾಲೆ ಮನೆಗೆ ಬರೆದ ಕಾಗದದಲ್ಲಿ ಕೊಂಕು ಆಡಿದ್ದಾನೆ. ಆ ವೆಲಿಂಗ್ಟನ್ ಯಾರು? 1799ರಲ್ಲಿ ಟಿಪ್ಪು ಸತ್ತ ಮೇಲೆ ಐದು ವರ್ಷದ ಈ ಮುಮ್ಮಡಿಯವರನ್ನೇ ಪಟ್ಟಕ್ಕೆ ಕೂರಿಸಿದ ಆಯೋಗದಲ್ಲಿದ್ದ ಸೇನಾನಿ. ಕೂರಿಸಿದವರೇ ಇಳಿಸಿದ್ದಾರೆ, ಇಳಿದವರು ಕೂರಿಸಿದವನ ಪಟ ಇಟ್ಟುಕೊಂಡಿದ್ದಾರೆ, ಬಂದವನು ಅದನ್ನು ನೋಡಿ ನಗುತ್ತಿದ್ದಾನೆ. ಮೆಕಾಲೆಯ ಮೇಲೆ ಹೊಟ್ಟೆ ಉರಿಯಬೇಕೆಂದಿದ್ದರೆ ಇದು ಸಾಲದೇ?

ಅಸಲಿ ಟಿಪ್ಪಣಿಯಲ್ಲೂ ಬೈಗುಳಕ್ಕೆ ಬೇಕಾದಷ್ಟು ಸರಕಿದೆ. ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿನ ಮುಂದೆ ಭಾರತ, ಅರೇಬಿಯಾಗಳ ಸಮಸ್ತ ಸಾಹಿತ್ಯವೂ ಸಾಟಿಯಲ್ಲ ಎಂದ ಭೂಪ, ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ಬಾರದೆಂದು ಅದೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾನೆ. (ಓದದೆ ವಿಮರ್ಶೆ ಬರೆಯುವವರು ಈಗಲೂ ಇದ್ದಾರೆ, ಆ ಮಾತು ಬಿಡಿ.) ಇಷ್ಟಿದ್ದರೂ ಮದುವೆಮನೆಯಲ್ಲಿ ಓಡುವುದು ನಕಲಿ ಭಾಷಣವೇ. ಅಸಲಿಯಲ್ಲಿ ಬೈಗುಳ ಮಾತ್ರ ಇದೆ, ನಕಲಿಯಲ್ಲಿ ನಮ್ಮ ಹೊಗಳಿಕೆ ಇದೆ. ಅದೂ ಶತ್ರುವಿನ ಬಾಯಿಂದ! ಆ ಸುಖ ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು?

ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದ ಸುದ್ದಿಯೂ ಇದೇ ಜಾತಿಯದು. ಅಂಥ ಸ್ಪರ್ಧೆಯೇ ಇಲ್ಲ. ತಮಾಷೆ ಎಂದರೆ, ಇದನ್ನು ಹೇಳಿದವರೇ ಪಾಯಸ ಬರುವಷ್ಟರಲ್ಲಿ, 'ಅದು ಐದನೇ ಜಾರ್ಜ್‌ಗೆ ಬರೆದದ್ದು ಕಣ್ರೀ' ಎಂದೂ ಹೇಳಬಲ್ಲರು. ರಾಜನ ದೆಹಲಿ ದರ್ಬಾರು ನಡೆದದ್ದು 1911ರ ಡಿಸೆಂಬರ್ 12ಕ್ಕೆ. ಹಾಡನ್ನು ಮೊದಲು ಹಾಡಿದ್ದು 27ಕ್ಕೆ, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ಅಲ್ಲಿ ರಾಜನನ್ನು ಹೊಗಳಿ ಹಾಡಿದ ಹಾಡೇ ಬೇರೆ. ಕೆಲವು ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಕಲಸಿ ವರದಿ ಮಾಡಿದವು. ಕೇಳಿ ಕೇಳಿ ಸಾಕಾದ ಟಾಗೋರರು 1937ರಲ್ಲಿ, ತಮ್ಮ ಭಾಗ್ಯವಿಧಾತ ಯಾವ ಜಾರ್ಜೂ ಅಲ್ಲವೆಂದು ಕಾಗದ ಬರೆದರು. ಕವಿ ಖುದ್ದು ಹೇಳಿದರೂ ನಂಬದವರು ನಿಮ್ಮ ನನ್ನ ಮಾತು ನಂಬುತ್ತಾರೆಯೇ?

ಹೊಗಳಿಕೆ ಮುಗಿದ ಮೇಲೆ ಬರುವುದು ಗೊಣಗಾಟ. 'ಮೀಸಲಾತಿ ಹತ್ತೇ ವರ್ಷ ಅಂತ ಸಂವಿಧಾನದಲ್ಲೇ ಇತ್ತು ಸ್ವಾಮಿ!' ಹತ್ತು ವರ್ಷ ಎಂಬ ಮಾತು ಇದ್ದದ್ದು ನಿಜ, 334ನೇ ವಿಧಿಯಲ್ಲಿ. ಆದರೆ ಅದು ಲೋಕಸಭೆ, ವಿಧಾನಸಭೆಗಳ ಮೀಸಲು ಕ್ಷೇತ್ರಗಳಿಗೆ. ಪಕ್ಷ ಯಾವುದಿದ್ದರೂ ಹತ್ತತ್ತು ವರ್ಷಕ್ಕೊಮ್ಮೆ ಅದನ್ನು ಮುಂದೂಡುತ್ತ ಬಂದಿದ್ದಾರೆ, ಈಗ 2030ರವರೆಗೆ ಇದೆ. ನೌಕರಿಗೆ ಸಂಬಂಧಿಸಿದ 16ನೇ ವಿಧಿಗಾಗಲಿ, 1951ರ ತಿದ್ದುಪಡಿಯಲ್ಲಿ ಕಾಲೇಜು ಸೀಟುಗಳಿಗಾಗಿ ಬಂದ 15(4)ಕ್ಕಾಗಲಿ ಗಡುವೇ ಇರಲಿಲ್ಲ. ಮೀಸಲಾತಿ ಬೇಕು, ಬೇಡ ಎಂದು ರಾತ್ರಿಯಿಡೀ ವಾದ ಮಾಡಿ, ಅದು ನಿಮ್ಮ ಹಕ್ಕು. ಇಲ್ಲದ ಗಡುವನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ.

ಅಷ್ಟಕ್ಕೂ ನಮ್ಮಲ್ಲಿ ಇದು ಸಂವಿಧಾನದ ಜೊತೆ ಬಂದದ್ದೇ ಅಲ್ಲ. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗುವ ದಾರಿ ಹುಡುಕಲು ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ಮಾಡಿದ್ದರು. ಅದರ ಮೇಲೆ ಆದೇಶ ಹೊರಟದ್ದು 1921ರಲ್ಲಿ. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ, ಅದೇ 1918ರಲ್ಲಿ ದಿವಾನಗಿರಿ ಬಿಟ್ಟರು. ಹಳೇ ಮೈಸೂರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಇಬ್ಬರ ಪಟವೂ ಅಕ್ಕಪಕ್ಕ ಇರುತ್ತದೆ. ಅವರ ನಡುವೆ ಹೀಗೊಂದು ಜಟಾಪಟಿ ನಡೆದಿತ್ತೆಂದರೆ ಹಿರಿಯರು, 'ಛೆ ಛೆ, ಅವರು ರಾಮ ಆಂಜನೇಯ ಇದ್ದ ಹಾಗೆ ಇದ್ದರು' ಎಂದು ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ಇನ್ನು 1956ರಲ್ಲಿ ಕರ್ನಾಟಕ ಎಂಬ ರಾಜ್ಯ ಉದಯಿಸಿತೆಂದು ಪ್ರತಿ ನವೆಂಬರಿನಲ್ಲೂ ಬ್ಯಾನರ್ ಕಟ್ಟುವವರಿದ್ದಾರೆ. ಒಂದಾದದ್ದು ಆಗಲೇ, ಹೆಸರು ಮಾತ್ರ 1973ರವರೆಗೂ ಮೈಸೂರು ಎಂದೇ ಇತ್ತು. ಕನ್ನಡದ ಕೆಲಸವಲ್ಲವೇ, ಬ್ಯಾನರ್ ಕಟ್ಟಲಿ ಬಿಡಿ.

ಬೆಂಗಳೂರಿನ ಬೆಂದ ಕಾಳಿನ ಕತೆಯನ್ನು ಮಾತ್ರ ನಾನು ತಿದ್ದಲು ಹೋಗುವುದಿಲ್ಲ, ಅಷ್ಟು ಚೆನ್ನಾಗಿದೆ. ಹಸಿದ ವೀರಬಲ್ಲಾಳ, ಕಾಳು ಬೇಯಿಸಿ ಕೊಟ್ಟ ಅಜ್ಜಿ, ಊರಿಗೆ ಅದೇ ಹೆಸರು. ತೊಡಕು ಒಂದೇ: ವೀರಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆ, ಸುಮಾರು 890ರ ಹೊತ್ತಿಗೇ, ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಕೆತ್ತಿಬಿಟ್ಟಿದ್ದಾರೆ. ಗಂಗರ ಕಾಲದ ನಾಗತರನ ಕಡೆಯವರು 'ಬೆಂಗಳೂರ ಕಾಳಗ'ದಲ್ಲಿ ಸತ್ತರೆಂದು ಆ ಕಲ್ಲು ಹೇಳುತ್ತದೆ. ಅಜ್ಜಿಯೂ ಇಲ್ಲ, ಕಾಳೂ ಇಲ್ಲ. ಊರು ದಾಖಲೆಗೆ ಹತ್ತಿದ್ದೇ ಹೊಡೆದಾಟದಿಂದ. ನಂಬಿಕೆ ಬಾರದಿದ್ದರೆ ಬೇಗೂರಿಗೆ ಹೋಗಿ, ಸಂಜೆ ಆರರ ನಂತರ ಸಿಲ್ಕ್ ಬೋರ್ಡ್ ಮೇಲೆ ಹಾದು ಹೋಗಿ. ಕಲ್ಲು ಮುಟ್ಟುವ ಮೊದಲೇ ನಂಬಿಕೆ ಬರುತ್ತದೆ.