ಪ್ರಕ್ಷಿಪ್ತ ಮೀಮಾಂಸೆ

ಬಣ್ಣವನ್ನು ಬಳಿಯುವುದು ಕಸುಬು, ಚೆಲ್ಲುವುದು ಮಹಾಕಲೆ ಎಂಬ ಸಿದ್ಧಾಂತವು ಲೋಕದಲ್ಲಿ ನೆಲೆಗೊಂಡು ಮುಕ್ಕಾಲು ಶತಮಾನ ಸಂದಿದ್ದರೂ, ನಮ್ಮ ಪಂಡಿತವರ್ಗವು ಅದಕ್ಕೆ ಟೀಕೆಯನ್ನಾಗಲಿ ಟಿಪ್ಪಣಿಯನ್ನಾಗಲಿ ರಚಿಸದಿರುವುದು ಶೋಚನೀಯ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಲೇಖಕನಿಗೆ ಚಿತ್ರಕಲೆಯ ಗಂಧವಿಲ್ಲದಿರುವುದು ಅವನ ನಿಷ್ಪಕ್ಷಪಾತಕ್ಕೆ ಸಾಕ್ಷಿ.

ವಿಚಾರಕ್ಕೆತ್ತಿಕೊಂಡ ಕೃತಿ, ಅಮೆರಿಕದ ಜಾಕ್ಸನ್ ಪೊಲಾಕನು 1947ರಲ್ಲಿ ರಚಿಸಿದ, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ವಿರಾಜಿಸುತ್ತಿರುವ ‘ಫುಲ್ ಫ್ಯಾದಮ್ ಫೈವ್’. ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಎಂಬಲ್ಲಿ ಮನೆಯ ಮಗ್ಗುಲ ಕೊಟ್ಟಿಗೆಯಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕಿಟಕಿ ಬಾಗಿಲಿಗೆ ಹಚ್ಚುವ ಎನಾಮಲ್ ಬಣ್ಣದ ಡಬ್ಬಿಯಲ್ಲಿ ಕೋಲನ್ನದ್ದಿ, ಸುತ್ತ ಪ್ರದಕ್ಷಿಣೆ ಬರುತ್ತ ತೊಟ್ಟಿಕ್ಕಿಸುವುದೂ ಎರಚುವುದೂ ಆ ಮಹಾಶಯನ ವಿಧಾನ. ನಮ್ಮ ಹೆಣ್ಣುಮಕ್ಕಳು ದಿನ ಬೆಳಗಾದರೆ ಬೆರಳಸಂದಿನಿಂದ ಪುಡಿಯನ್ನು ಇಳಿಬಿಟ್ಟು ಇದನ್ನೇ ಮಾಡುವರಲ್ಲವೆ ಎನ್ನುವ ಅರಸಿಕರುಂಟು. ರಂಗೋಲಿಯ ಎಳೆಯು ಹೊರಟ ಚುಕ್ಕಿಗೇ ಸರಿಯಾಗಿ ಬಂದು ಸೇರುವುದೆಂಬ ಮಹಾದೋಷವನ್ನು ಅವರು ಗಮನಿಸಿದಂತಿಲ್ಲ.

ಶೀರ್ಷಿಕೆಯು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ಹಾಡೊಂದರಿಂದ ಬಂದುದು. ಐದು ಫ್ಯಾದಮ್ ಎಂದರೆ 30 ಅಡಿ ಆಳದ ನೀರು. ಚಿತ್ರದ ಎತ್ತರವಾದರೋ ಸುಮಾರು 129 ಸೆಂಟಿಮೀಟರು. ಮೂವತ್ತಡಿಯ ಕಡಲು ನಾಲ್ಕೂಕಾಲು ಅಡಿಯಲ್ಲಿ ಅಡಗಿದುದು, ಅಗಸ್ತ್ಯರ ಆಪೋಶನವೊಂದನ್ನು ಬಿಟ್ಟರೆ, ಬೇರೆಲ್ಲಿಯೂ ಕಾಣಬಾರದ ಪವಾಡ. ಹೆಸರನ್ನಿಟ್ಟವನು ಚಿತ್ರಕಾರನಲ್ಲ, ಚಿತ್ರ ಮುಗಿದ ಮೇಲೆ ಬಂದು ನೋಡಿದ ನೆರೆಯ ಅನುವಾದಕ ರಾಲ್ಫ್ ಮ್ಯಾನ್‌ಹೈಮ್ ದಂಪತಿಗಳೆಂಬ ಆಕ್ಷೇಪಕ್ಕೆ ಸಮಾಧಾನವಿಷ್ಟೆ: ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಶಿಷ್ಟಾಚಾರವಲ್ಲ.

ಇನ್ನು ಮುಖ್ಯ ವಿಷಯ. ಈ ಚಿತ್ರದ ಬಣ್ಣದ ಪದರಗಳೊಳಗೆ ಮೊಳೆ, ಗುಂಡಿ, ನಾಣ್ಯ, ಸಿಗರೇಟು, ಬೆಂಕಿಕಡ್ಡಿ ಮತ್ತು ಒಂದು ಬೀಗದಕೈ ಹುದುಗಿವೆ. ಬೀಗವೂ ಬೀಗದಕೈಯೂ ಒಂದೇ ಆದುದರಿಂದ ಬೀಗವನ್ನು ಹುಡುಕಬೇಕಾಗಿಲ್ಲವೆಂದು ಅದ್ವೈತಿಗಳು ಹೇಳಬಹುದು. ಬೀಗ ಬೇರೆ, ಬೀಗದಕೈ ಬೇರೆ, ಬಾಗಿಲ ಹೊರಗೆ ನಿಂತು ಜೇಬು ತಡಕುತ್ತಿರುವವನು ಇನ್ನೂ ಬೇರೆ ಎಂದು ದ್ವೈತಿಗಳು ಹೇಳಬಹುದು. ಗ್ರಂಥಸಂಪಾದನಶಾಸ್ತ್ರದ ದೃಷ್ಟಿಯಿಂದ ಇವೆಲ್ಲವೂ ಪ್ರಕ್ಷಿಪ್ತ. ಪ್ರಕ್ಷಿಪ್ತವನ್ನು ತೆಗೆದುಹಾಕಿದರೆ ಶುದ್ಧಪಾಠ ದೊರೆಯುವುದೆಂಬುದು ನಿಯಮ. ಆದರೆ ಪ್ರಕ್ಷಿಪ್ತವೆಂಬುದಕ್ಕೆ ಎಸೆದದ್ದು ಎಂದೇ ಧಾತ್ವರ್ಥವಿರಲಾಗಿ, ಇಲ್ಲಿ ಬಣ್ಣವೂ ಎಸೆದದ್ದೇ ಆಗಿರಲಾಗಿ, ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಸಂಪಾದಕನ ಕೈಯಲ್ಲಿ ಕೊನೆಗುಳಿಯುವುದು ಅಂಗಡಿಯಿಂದ ತಂದಂದಿನ ಬರಿಯ ಬಟ್ಟೆ.

ಈ ಸಿದ್ಧಾಂತವನ್ನು ಬರೆದು ಮುಗಿಸಿದ ಸಂತೋಷದಲ್ಲಿ ಪೆನ್ನನ್ನು ಒದರಲು, ನನ್ನ ಪಂಚೆಯ ಮೇಲೆ, ಮೊಣಕಾಲಿನಿಂದ ಅಂಚಿನವರೆಗೆ, ಏಳು ಹನಿ ಮಸಿ ಬಿದ್ದಿತು. ಏಳನೆಯದಕ್ಕೆ ಗೊದಮೊಟ್ಟೆಯಂಥ ಬಾಲ. ಆ ಬಾಲದಲ್ಲಿ ಆಧುನಿಕ ಮಾನವನ ಏಕಾಕಿತನವನ್ನು ನಾನು ಗುರುತಿಸುತ್ತಿರುವಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದು ನೋಡಿ, “ಒಣಗೋದ್ರೊಳಗೆ ಬಿಚ್ಚಿ ಕೊಡಿ, ನಿಂಬೆಹಣ್ಣು ಉಜ್ತೀನಿ. ಆಮೇಲೆ ಅದು ಕಲೆಯಾಗಿಬಿಡುತ್ತೆ” ಎಂದಳು.

ಪೊಲಾಕನ ಮಡದಿ ಲೀ ಕ್ರಾಸ್ನರಳು ಸ್ವತಃ ಚಿತ್ರಕಾರ್ತಿ. ಆದುದರಿಂದಲೇ ಆ ಕೊಟ್ಟಿಗೆಗೆ ಯಾರೂ ನಿಂಬೆಹಣ್ಣು ತಂದಂತಿಲ್ಲ. ನಮ್ಮ ಹಿತ್ತಿಲ ಹಗ್ಗದ ಮೇಲಾದರೋ, ಸಂಜೆಯ ಬಿಸಿಲಿಗೆ, ಶುದ್ಧಪಾಠವು ಒಣಗುತ್ತಿದ್ದಿತು.