ನಲವತ್ತಕ್ಕಿಂತ ನಲವತ್ತೆರಡು ಅಗ್ಗ

ಊರಲ್ಲಿದ್ದಾಗ ಟ್ಯೂಬ್‌ಲೈಟಿನ ಸ್ಟಾರ್ಟರ್ ಬದಲಿಸುವುದಕ್ಕೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಿದ್ದ ಕನ್ನಡಿಗ, ಅಮೆರಿಕದಲ್ಲಿ ಮನೆ ಕೊಂಡ ಮೂರೇ ತಿಂಗಳಿಗೆ ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡು ಓಡಾಡತೊಡಗುತ್ತಾನೆ. ಕಸುಬಿನ ಮೇಲೆ ಪ್ರೀತಿ ಉಕ್ಕಿತು ಅಂತಲ್ಲ, ಅಲ್ಲಿನ ಕೂಲಿ ಹಾಗೆ ಮಾಡಿಸುತ್ತದೆ. ಹಿತ್ತಲಲ್ಲಿ ಎಂಟಡಿಗೆ ಎಂಟಡಿ ಕಾಂಕ್ರೀಟ್ ಹಾಕಿಕೊಡಿ ಎಂದು ಕಂಟ್ರಾಕ್ಟರನ್ನು ಕೇಳಿದರೆ, ಅವನು ಕೊಡುವ ಕೊಟೇಶನ್ನಿನಲ್ಲಿ ಸೋಮವಾರಪೇಟೆ ಕಡೆ ಒಂದು ಕೊಟ್ಟಿಗೆ ಎದ್ದು ನಿಲ್ಲುತ್ತದೆ.

ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಅಂಥದೊಂದು ಮನೆ ಇದೆ ಅಂದುಕೊಳ್ಳಿ. ಹೆಂಡತಿ ಸೋಮವಾರಪೇಟೆಯವಳು, ಗಂಡ ಮೈಸೂರಿನ ಸಾಫ್ಟ್‌ವೇರಿನವನು. ಮಗಳ ಮನೆ ನೋಡಲು ಬಂದಿಳಿದಿರುವ ಮಾವನವರು ಸಣ್ಣ ಕಾಫಿ ತೋಟದ ಯಜಮಾನರು. ಹೆಸರು ಬೇಡ, ಹೊರನಾಡಿನಲ್ಲಿ ಇಂಥ ಮನೆ ಬೀದಿಗೊಂದು ಸಿಗುತ್ತದೆ. ಕುರ್ಚಿ ಹಾಕಿಕೊಂಡು ಕೂರಲು ಒಂದು ಕಟ್ಟೆ ಬೇಕು ಎಂದವಳು ಮಗಳು. ಲೆಕ್ಕ ಹಾಕಿದವನು ಅಳಿಯ. ನಾಲ್ಕಿಂಚು ದಪ್ಪ ಅಂದರೆ ಇಪ್ಪತ್ತೊಂದು ಚಿಲ್ಲರೆ ಘನ ಅಡಿ. ಅಲ್ಲಿ ಸಿಮೆಂಟು, ಮರಳು, ಜಲ್ಲಿ ಮೂರನ್ನೂ ಒಣದಾಗಿಯೇ ಬೆರೆಸಿ ಚೀಲಕ್ಕೆ ತುಂಬಿ ಮಾರುತ್ತಾರೆ. ನೀರು ಹಾಕಿ ಕಲಸಿದರಾಯಿತು. 80 ಪೌಂಡಿನ ಒಂದು ಚೀಲಕ್ಕೆ 0.6 ಘನ ಅಡಿ ಕಾಂಕ್ರೀಟು. ಮೂವತ್ತಾರು ಚೀಲ ಬೇಕು, ನೆಲದ ಏರುತಗ್ಗಿಗೆ, ಚೆಲ್ಲಿದ್ದಕ್ಕೆ ಅಂತ ಹತ್ತು ಪರ್ಸೆಂಟ್ ಸೇರಿಸಿ ನಲವತ್ತು.

ಅಂಗಡಿಯಲ್ಲಿ ಚೀಲದ ಬೆಲೆ 6 ಡಾಲರ್ ಎಂದಿಟ್ಟುಕೊಳ್ಳೋಣ. ಕೆಳಗೆ ಇನ್ನೊಂದು ಹಳದಿ ಚೀಟಿ: 42 ಅಥವಾ ಅದಕ್ಕಿಂತ ಹೆಚ್ಚು ಕೊಂಡರೆ ಚೀಲಕ್ಕೆ 5.25.

ನಲವತ್ತು ಚೀಲಕ್ಕೆ 240 ಡಾಲರ್. ನಲವತ್ತೆರಡು ಚೀಲಕ್ಕೆ 220 ಡಾಲರ್ 50 ಸೆಂಟು.

ಅಳಿಯ ಫೋನಿನಲ್ಲಿ ಮತ್ತೆ ಗುಣಿಸಿ ನೋಡಿದ. ಮಾವನವರಿಗೆ ಫೋನು ಬೇಕಾಗಲಿಲ್ಲ. "ಅಳಿಯಂದ್ರೆ, ಎರಡು ಚೀಲ ಜಾಸ್ತಿ ತಗೊಂಡು ಹೋಗಿ ಅಂತ ಇವರೇ ಇಪ್ಪತ್ತು ಡಾಲರ್ ಕೈಗೆ ಕೊಡ್ತಾರಾ?" ಎಂದರು. ಹೌದು, ಹೆಚ್ಚುಕಡಿಮೆ ಹಾಗೆಯೇ. ರಿಯಾಯಿತಿ ನಲವತ್ತೆರಡನೇ ಚೀಲದಿಂದಾಚೆಗೆ ಮಾತ್ರ ಅಲ್ಲ, ಅದುವರೆಗಿನ ಅಷ್ಟೂ ಚೀಲಕ್ಕೆ ಸಿಗುತ್ತದೆ. ಹಾಗಾಗಿ ಈ ಬೆಲೆಯಲ್ಲಿ ಮೂವತ್ತೇಳರಿಂದ ನಲವತ್ತೊಂದರವರೆಗೆ ಎಷ್ಟೇ ಚೀಲ ಕೊಂಡರೂ, ನಲವತ್ತೆರಡು ಕೊಂಡವನಿಗಿಂತ ಹೆಚ್ಚು ತೆತ್ತು ಕಡಿಮೆ ಸಾಮಾನು ಒಯ್ದಂತೆ. ನಮ್ಮ ಆದಾಯ ತೆರಿಗೆಯವರಿಗೂ ಈ ಗುಂಡಿ ಗೊತ್ತಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು 2025ರ ಬಜೆಟ್‌ನಲ್ಲಿ ಹೇಳಿದಾಗ, ಅದಕ್ಕಿಂತ ಹತ್ತು ಸಾವಿರ ಹೆಚ್ಚು ದುಡಿದವನು ಮುಳುಗಿಹೋಗಬಾರದೆಂದು ಹೆಚ್ಚಾದ ಆ ಹತ್ತು ಸಾವಿರವನ್ನು ಮೀರಿ ತೆರಿಗೆ ಹಾಕುವಂತಿಲ್ಲ ಎಂಬ ಏರ್ಪಾಡನ್ನೂ ಇಟ್ಟರು. ತೆರಿಗೆ ಇಲಾಖೆ ತೋರಿಸಿದ ಕರುಣೆಯನ್ನು ಅಂಗಡಿಯಿಂದ ನಿರೀಕ್ಷಿಸುವುದು ಹೇಗೆ?

ನಲವತ್ತೆರಡೇ ಏಕೆ ಎಂಬುದಕ್ಕೆ ಉತ್ತರ ಚೀಲದ ಅಡಿಯಲ್ಲಿದೆ. ಒಂದು ಮರದ ಪ್ಯಾಲೆಟ್ಟಿನ ಮೇಲೆ ಅಷ್ಟು ಚೀಲ ಪೇರಿಸಿ, ಪ್ಲಾಸ್ಟಿಕ್ ಸುತ್ತಿ ಕಾರ್ಖಾನೆಯಿಂದ ಕಳಿಸುತ್ತಾರೆ. ನೀವು ಪ್ಲಾಸ್ಟಿಕ್ ಬಿಚ್ಚದೆ ಇಡಿಯಾಗಿ ಎತ್ತಿಕೊಂಡರೆ ಫೋರ್ಕ್‌ಲಿಫ್ಟಿನವನಿಗೆ ಎರಡು ನಿಮಿಷದ ಕೆಲಸ. ನಲವತ್ತು ಕೇಳಿದರೆ ಒಬ್ಬ ಮನುಷ್ಯ ಬಂದು, ಎಣಿಸಿ, ಎತ್ತಿ ಹಾಕಬೇಕು. ಆ ದೇಶದಲ್ಲಿ ಸಿಮೆಂಟಿಗಿಂತ ಎಣಿಸುವ ಮನುಷ್ಯ ದುಬಾರಿ. ಅಷ್ಟಾಗಿಯೂ ಆ ಪ್ಯಾಲೆಟ್ ಒಂದೂವರೆ ಟನ್ ತೂಗುತ್ತದೆ, ಮನೆಯ ಕಾರಿನಲ್ಲಿ ತರುವ ಮಾತೇ ಇಲ್ಲ. ತಲುಪಿಸುವ ಬಾಡಿಗೆ ಬೇರೆ, ಪ್ಯಾಲೆಟ್ಟಿಗೆ ಠೇವಣಿ ಬೇರೆ. ಹತ್ತೊಂಬತ್ತೂವರೆ ಡಾಲರ್ ಉಳಿಸಿದ ಸಂತೋಷ ಬಿಲ್ಲಿಂಗ್ ಕೌಂಟರಿನವರೆಗೂ ಬಾಳಲಿಲ್ಲ.

ಮಾವನವರಿಗೆ ಮಾತ್ರ ಅನುಮಾನ ಇನ್ನೂ ಮುಗಿದಿರಲಿಲ್ಲ. ಅವರು ಸಗಟು ವ್ಯಾಪಾರವನ್ನು ಮಾರುವವರ ಕಡೆಯಿಂದ ಕಂಡವರು. ಕೊಡಗಿನಲ್ಲಿ ಚೆರಿ ಕಾಫಿಗೆ ಐವತ್ತು ಕೆ.ಜಿ. ಮೂಟೆಯ ಲೆಕ್ಕ. ಆದರೆ ಬೆಲೆ ಕಟ್ಟುವುದು ಮೂಟೆಗಲ್ಲ, ಓಟಿಗೆ. ಮೂಟೆಯ ಸಿಪ್ಪೆ ಬಿಡಿಸಿದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ವ್ಯಾಪಾರಿ ಓಟಿ ಇಪ್ಪತ್ತಾರು ಅಂತಾನೆ, ಬೆಳೆಗಾರ ಇಪ್ಪತ್ತೆಂಟು ಅಂತಾನೆ, ನಡುವಿನ ಎರಡು ಅಂಕಿಯ ಮೇಲೆ ವರ್ಷದ ಸಾಲ ತೀರುವುದೋ ಬಿಡುವುದೋ ನಿಂತಿರುತ್ತದೆ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಸುರಿಯಬೇಕಿದ್ದ ಕಾಲ ತೊಂಬತ್ತರ ದಶಕದಲ್ಲಿ ಮುಗಿದ ಮೇಲೆ ಈ ಜಗ್ಗಾಟದಲ್ಲಿ ಪಳಗಿದ ತಲೆ ಅವರದು. ಅವರು ಪಕ್ಕದ 60 ಪೌಂಡಿನ ಚೀಲವನ್ನು ಕಾಲಲ್ಲಿ ತಟ್ಟಿ, "ಇದರ ಓಟಿ ಎಷ್ಟು?" ಎಂದರು.

ನಗುವ ಪ್ರಶ್ನೆಯಲ್ಲ ಅದು. ಚೀಲದ ಬೆನ್ನ ಮೇಲೆ ಬರೆದೇ ಇದೆ: 0.45 ಘನ ಅಡಿ. ದೊಡ್ಡ ಚೀಲದ ಮುಕ್ಕಾಲು ಪಾಲು. ಬೆಲೆಯೂ ಮುಕ್ಕಾಲಾಗಬೇಕಿತ್ತಲ್ಲ? ಎಷ್ಟೋ ಅಂಗಡಿಗಳಲ್ಲಿ ಅದು ದೊಡ್ಡದರ ಬೆಲೆಯ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಬೆನ್ನುನೋವಿನವರು ಚಿಕ್ಕ ಚೀಲ ಎತ್ತುತ್ತಾರೆ, ಬೆನ್ನಿನ ಬಾಡಿಗೆಯೂ ಅದರಲ್ಲೇ ಸೇರಿರುತ್ತದೆ.

ಮುಂದಿನ ಸಾಲು ಮರದ್ದು. ಅಮೆರಿಕದ ಮನೆಗಳ ಮೂಳೆಯೇ ಟೂ ಬೈ ಫೋರ್ ಎಂಬ ರೀಪು. ಎರಡಿಂಚಿಗೆ ನಾಲ್ಕಿಂಚು ಎಂದು ಹೆಸರು, ಟೇಪು ಹಿಡಿದರೆ ಒಂದೂವರೆಗೆ ಮೂರೂವರೆ. ಹಸಿ ಮರ ಒಣಗಿ ಕುಗ್ಗಿದ್ದು, ಹತ್ತರಿ ಹೊಡೆದದ್ದು ಎಲ್ಲ ಕಳೆದು ಉಳಿದ ಗಾತ್ರ ಅದು. ಗುಣಿಸಿ ನೋಡಿದರೆ ಹೆಸರಿನಲ್ಲಿರುವ ಮರದ ಮೂರನೇ ಒಂದು ಪಾಲು ಬರೀ ಗಾಳಿ. ಟೇಪು ಹಿಡಿದು ತಲೆ ಕೆಡಿಸಿಕೊಂಡವರು ಮಾವನವರೊಬ್ಬರೇ ಅಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ವಕೀಲರು ಹೂಡಿದ ಮೊಕದ್ದಮೆಯಲ್ಲಿ ಕಟ್ಟಡ ಸಾಮಾನು ಮಾರುವ ಲೋವ್ಸ್ ಕಂಪನಿ 16 ಲಕ್ಷ ಡಾಲರ್ ಕೊಟ್ಟು ರಾಜಿಯಾಗಿ, ನಿಜವಾದ ಅಳತೆಯನ್ನೂ ಬರೆಯಲು ಒಪ್ಪಿಕೊಂಡಿತು. 2017ರಲ್ಲಿ ಇಲಿನಾಯ್‌ನ ಗಿರಾಕಿಗಳು ಫೋರ್ ಬೈ ಫೋರ್ ಎಂದು ಮಾರಿದ್ದು ಮೂರೂವರೆ ಇಂಚು ಮಾತ್ರ ಇದೆ ಎಂದು ಹೋಮ್ ಡಿಪೊ, ಮೆನಾರ್ಡ್ಸ್ ಎಂಬ ಅಂಥದೇ ಎರಡು ಕಂಪನಿಗಳ ಮೇಲೂ ಷಿಕಾಗೋದ ಫೆಡರಲ್ ಕೋರ್ಟಿಗೆ ಹೋದರು. ಮೆನಾರ್ಡ್ಸ್ ಮೇಲಿನ ದಾವೆಯನ್ನು ನ್ಯಾಯಾಧೀಶರು ಅದೇ ವರ್ಷ ವಜಾ ಮಾಡಿದರು. ಅದು ಹೆಸರು ಮಾತ್ರ, ಅಳತೆಯ ಭರವಸೆಯಲ್ಲ ಎಂಬ ಕಂಪನಿಯ ವಾದ ಗೆದ್ದಿತು.

ಇದನ್ನೆಲ್ಲ ಅಳಿಯ ಓದಿ ಹೇಳಿದಾಗ ಮಾವನವರ ಮುಖದಲ್ಲಿ ಹೆಮ್ಮೆ ಮೂಡಿತು. ಅವರ ಕಡೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ನಮ್ಮ ಮರದ ವ್ಯಾಪಾರದಲ್ಲಿ ದಿಮ್ಮಿ ಅಳೆಯುವ ಹಳೆಯ ರೀತಿ ಎಂದರೆ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ಎಡ್ವರ್ಡ್ ಹಾಪಸ್ ಎಂಬ ಇಂಗ್ಲೆಂಡಿನವನು 1736ರಲ್ಲಿ ಅಚ್ಚು ಹಾಕಿಸಿದ ಕೋಷ್ಟಕದ ಲೆಕ್ಕ ಇದು. ದುಂಡಗಿನ ದಿಮ್ಮಿಯನ್ನು ಚೌಕ ಎಂದು ಭಾವಿಸುವುದರಿಂದ ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಮರ ಲೆಕ್ಕಕ್ಕೇ ಸಿಗುವುದಿಲ್ಲ. ತೊಗಟೆ, ಹೊರಮೈ ಸೀಳು ಕೊಂಡವನಿಗೆ ನಷ್ಟವಾಗುತ್ತದೆಂದು ಮೊದಲೇ ಬಿಟ್ಟ ಕೊಸರು ಅದು. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಕಡಿಸಿ ಮಾರುವಾಗ ಇದೇ ಲೆಕ್ಕವನ್ನು ಮಾವನವರು ಮರದ ವ್ಯಾಪಾರಿಯ ಮುಂದೆ ಬಾಯಿಗೆ ಬಂದಂತೆ ಬೈದದ್ದುಂಟು. ಫ್ರಿಸ್ಕೋದಲ್ಲಿ ನಿಂತಾಗ ಅದೇ ಧರ್ಮದ ವ್ಯಾಪಾರವಾಗಿ ಕಂಡಿತು. "ಅಲ್ಲಿ ಇಪ್ಪತ್ತು ಪರ್ಸೆಂಟು ಜಾಸ್ತಿ ಕೊಡ್ತೀವಿ. ಇಲ್ಲಿ ಗಾಳಿಗೂ ದುಡ್ಡು."

ಗಾಳಿಗೆ ಎಷ್ಟು ದುಡ್ಡು ಎಂಬುದು ಕೋವಿಡ್ ಕಾಲದಲ್ಲಿ ಗೊತ್ತಾಯಿತು. ಮನೆಯಲ್ಲೇ ಕೂತ ಜನ ಎಲ್ಲರೂ ಒಟ್ಟಿಗೇ ಸುತ್ತಿಗೆ ಹಿಡಿದರು, ಗರಗಸದ ಮಿಲ್ಲುಗಳಿಗೆ ಅಷ್ಟು ಬೇಗ ಮರ ಕೊಯ್ದು ಕೊಡಲಾಗಲಿಲ್ಲ. 2021ರ ಮೇ ತಿಂಗಳಲ್ಲಿ ಸಾವಿರ ಬೋರ್ಡ್ ಫೂಟ್ ಮರದ ವಾಯಿದಾ ಬೆಲೆ 1,600 ಡಾಲರ್ ದಾಟಿತ್ತು.

ಮೊಳೆಯ ಸಾಲಿನಲ್ಲಿ ಇನ್ನೊಂದು ತಮಾಷೆ. ಮೂರೂವರೆ ಇಂಚಿನ ಮೊಳೆಗೆ ಅಲ್ಲಿ ಇವತ್ತಿಗೂ ಹದಿನಾರು ಪೆನ್ನಿ ಮೊಳೆ ಎನ್ನುತ್ತಾರೆ. ಹದಿನೈದನೇ ಶತಮಾನದ ಇಂಗ್ಲೆಂಡಿನಲ್ಲಿ ಅಂಥ ನೂರು ಮೊಳೆಗೆ ಹದಿನಾರು ಪೆನ್ನಿ ಇತ್ತಂತೆ. ಬೆಲೆ ಹೋಗಿ ಐನೂರು ವರ್ಷ ಕಳೆದರೂ ಸಗಟು ದರ ಮಾತ್ರ ಡಬ್ಬದ ಮೇಲೆ ಅಳತೆಯಾಗಿ ಕೂತಿದೆ. ಈಗ ಮಾರುವುದು ತೂಕಕ್ಕೆ, ಒಂದು ಪೌಂಡು, ಐದು ಪೌಂಡು, ಇಪ್ಪತ್ತೈದು ಪೌಂಡು. ಬೇಕಾದದ್ದು ಹನ್ನೆರಡೇ ಮೊಳೆಯಾದರೂ ದೊಡ್ಡ ಡಬ್ಬದ ಪೌಂಡಿನ ದರ ಕಣ್ಣು ಕುಕ್ಕುತ್ತದೆ. ಹೊರನಾಡ ಕನ್ನಡಿಗನ ಗ್ಯಾರೇಜಿನಲ್ಲಿ ಮೊಮ್ಮಕ್ಕಳವರೆಗೂ ಸಾಲುವಷ್ಟು ಮೊಳೆ ಇರುವುದು ಹೀಗೆ.

ಸೂರಿನ ವಿಷಯದಲ್ಲಿ ಮಾತ್ರ ಎರಡು ದೇಶಕ್ಕೂ ರಾಜಿಯಿದೆ. ನಮ್ಮಲ್ಲಿ ಮನೆಯನ್ನು ಹತ್ತು ಚದರ, ಹನ್ನೆರಡು ಚದರ ಎನ್ನುತ್ತೇವಲ್ಲ, ಅಲ್ಲಿನ ಸೂರಿನ ಕೆಲಸದವರದೂ ಅದೇ ನೂರು ಚದರಡಿಯ ಲೆಕ್ಕ. ಮೂರು ಬಂಡಲ್ ಶಿಂಗಲ್ಸ್ ಒಯ್ದರೆ ಸಾಮಾನ್ಯವಾಗಿ ಒಂದು ಚದರ ಮುಚ್ಚುತ್ತದೆ. ಮಾವನವರು ಮಂಗಳೂರು ಹೆಂಚು ಚದರಕ್ಕೆ ನೂರೈವತ್ತು ಎಂದು ಹೇಳಿ, ಅಲ್ಲಿದ್ದ ಮೆಕ್ಸಿಕನ್ ಕೆಲಸಗಾರನೊಂದಿಗೆ ಕೈಸನ್ನೆಯಲ್ಲೇ ಹತ್ತು ನಿಮಿಷ ಮಾತಾಡಿದರು.

ಬಣ್ಣ ಆರಿಸುವುದು ಮಗಳ ಪಾಲಿನ ಕೆಲಸ. ಕಾಲು ಗ್ಯಾಲನ್ ಡಬ್ಬಿಗೆ ಗ್ಯಾಲನ್ನಿನ ಕಾಲು ಬೆಲೆಯಲ್ಲ, ಅರ್ಧದ ಹತ್ತಿರ ಬೆಲೆ. ಬೇಲಿಯ ಒಂದು ಹಲಗೆಗೆ ಬಳಿಯಲು ಗ್ಯಾಲನ್ ತಂದಳು. ಉಳಿದದ್ದನ್ನು ಏನು ಮಾಡುವುದು ಎಂದು ಉಳಿದ ಬೇಲಿಗೂ ಬಳಿದರು. ಅದಕ್ಕೆ ಸಾಲದೆ ಇನ್ನೆರಡು ಗ್ಯಾಲನ್ ಬಂತು. ಆಮೇಲೆ ಬಡಾವಣೆಯ ಸಂಘದಿಂದ ಕಾಗದ ಬಂತು: ಈ ಬಣ್ಣಕ್ಕೆ ಅನುಮತಿ ಪಡೆದಿದ್ದೀರಾ?

ದೊಡ್ಡದೇ ಅಗ್ಗ ಎಂಬ ನಂಬಿಕೆ ಎಲ್ಲ ಸಲವೂ ನಿಜವಲ್ಲ ಎಂದು ಬ್ರಿಟನ್ನಿನ ಗ್ರಾಹಕ ಸಂಸ್ಥೆ ವಿಚ್ 2015ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರಕ್ಕೆ ದೊಡ್ಡದೊಂದು ದೂರನ್ನೇ ಕೊಟ್ಟಿತ್ತು. ಅದು ದಿನಸಿ ಅಂಗಡಿಗಳ ವಿಷಯವಾದರೂ ರೋಗ ಒಂದೇ. ಪೊಟ್ಟಣದ ಮೇಲೆ ಗ್ರಾಮಿಗೆ, ಕಿಲೋಗೆ ಎಷ್ಟಾಯಿತು ಎಂದು ನಮೂದಿಸಬೇಕೆಂದು ಭಾರತ 2021ರಲ್ಲಿ ನಿಯಮ ತಿದ್ದಿತು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಕಡ್ಡಾಯವಿಲ್ಲ, ಗಿರಾಕಿಯೇ ಗುಣಿಸಿ ಭಾಗಿಸಿಕೊಳ್ಳಬೇಕು. ಸೋಮವಾರಪೇಟೆಯ ಸೋಮವಾರದ ಸಂತೆಯಲ್ಲಿ ಈ ಲೆಕ್ಕ ಬಾಯಲ್ಲೇ ನಡೆಯುತ್ತದೆ. ಹತ್ತು ಚೀಲ ಸಿಮೆಂಟಿಗೂ ಐವತ್ತಕ್ಕೂ ಅಂಗಡಿಯವನು ಒಂದೇ ದರ ಹೇಳಿ, ಕೊನೆಗೆ ಮುಖ ನೋಡಿ ಇಳಿಸುತ್ತಾನೆ. ಮಳೆ ಹಿಡಿಯುವ ಮೊದಲು ಸೂರು ಮುಗಿಯಲೇಬೇಕಾದ ಅವಸರ ಗಿರಾಕಿಯದ್ದಾದರೆ ಇಳಿಸುವುದೂ ಇಲ್ಲ.

ಕಟ್ಟೆ ಎರಡು ದಿನದಲ್ಲಿ ಎದ್ದಿತು. ನಲವತ್ತು ಚೀಲ ಖರ್ಚಾಗಿ ಎರಡು ಉಳಿದವು. ಅಳಿಯ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ, ಕಾಂಕ್ರೀಟ್ ಚೀಲ ಯಾರಿಗಾದರೂ ಬೇಕೆ ಎಂದು ಹಾಕಿದ. ಆರು ನಮಸ್ಕಾರ, ಎರಡು ಹೃದಯ ಬಂದವು. ಮೂರು ಮನೆಯವರು ತಮ್ಮಲ್ಲೂ ಉಳಿದಿವೆ, ಬೇಕಿದ್ದರೆ ಒಯ್ಯಿರಿ ಎಂದರು.

ಆಗ ಮಾವನವರಿಗೆ ಹೊಳೆಯಿತು. ವಾಪಸ್ ಕೊಟ್ಟರೆ? ಅಳಿಯನಿಗೆ ನಾಚಿಕೆ. "ಬೇಡ ಮಾವ, ರಿಯಾಯಿತಿಗೆ ಅಂತ ತಗೊಂಡು ಈಗ ವಾಪಸ್ ಕೊಟ್ರೆ ಏನಂದ್ಕೊಳ್ತಾರೆ?" ಏನೂ ಅಂದುಕೊಳ್ಳಲಿಲ್ಲ. ಕೌಂಟರಿನ ಹುಡುಗಿ ತಲೆ ಎತ್ತದೆ, ರಸೀದಿಯಲ್ಲಿದ್ದ 5.25ರ ದರದಲ್ಲೇ ಎರಡು ಚೀಲದ ಹತ್ತೂವರೆ ಡಾಲರ್ ಕಾರ್ಡಿಗೆ ಹಾಕಿದಳು. 240 ಡಾಲರಿನ ನಲವತ್ತು ಚೀಲ ಕೊನೆಗೆ ಬಿದ್ದದ್ದು 210ಕ್ಕೆ. ವ್ಯಾಪಾರಿಯಿಂದ ಎರಡು ಓಟಿ ಹೆಚ್ಚಿಗೆ ಕಿತ್ತ ದಿನದ ನಡಿಗೆಯಲ್ಲಿ ಮಾವನವರು ಕಾರಿನ ಕಡೆ ನಡೆದರು.

ಆ ರಾತ್ರಿ ಊರಿನ ಗಾರೆ ಮೇಸ್ತ್ರಿಗೆ ವಿಡಿಯೊ ಕಾಲ್ ಹೋಯಿತು. ಮಾವನವರು ಫೋನನ್ನು ಕಟ್ಟೆಯ ಮೂಲೆ ಮೂಲೆಗೂ ಹಿಡಿದು ತೋರಿಸಿದರು.

"ಎಷ್ಟು ಚೀಲ ಹಿಡೀತು ಯಜಮಾನ್ರೆ?"

"ನಲವತ್ತು."

ಮೇಸ್ತ್ರಿ ಬೆಚ್ಚಿಬಿದ್ದ. "ಇಷ್ಟಕ್ಕೆ ನಾಲ್ಕು ಚೀಲ ಸಿಮೆಂಟು ದಂಡಿಯಾಯ್ತಲ್ಲ! ಇನ್ನು ಮೂವತ್ತಾರು ಯಾರು ಹೊಡಕೊಂಡು ಹೋದ್ರು?"

"ಹಂಗಲ್ಲ ಕಣಪ್ಪ. ಇಲ್ಲಿ ಮರಳು, ಜಲ್ಲೀನೂ ಅದೇ ಚೀಲದಲ್ಲಿ ತುಂಬಿ ಮಾರ್ತಾರೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನೀರು ಮಾತ್ರ ನಮ್ದಾ ಯಜಮಾನ್ರೆ?"