ನೆಂಟರಿಲ್ಲದ ಊರು

ಪುಸ್ತಕ ಆರಿಸುವುದು ನಮ್ಮ ಓದುಗರ ಬಳಗಕ್ಕೆ ಯಾವತ್ತೂ ಕಷ್ಟವಾಗಿಲ್ಲ. ಒಬ್ಬರು ಕಾರಂತರು ಅನ್ನುತ್ತಾರೆ, ಇನ್ನೊಬ್ಬರು ಹೂಂ ಅನ್ನುತ್ತಾರೆ. ತಾವು ಓದುವುದಿಲ್ಲ ಅಂತ ಮೊದಲೇ ಗೊತ್ತಿರುವುದರಿಂದ ಉಳಿದವರು ತಕರಾರು ತೆಗೆಯುವುದಿಲ್ಲ. ಜಗಳ ಏಳುವುದು ವರ್ಷಕ್ಕೊಮ್ಮೆ ಎಲ್ಲರೂ ಸೇರಬೇಕಾದ ಊರು ಯಾವುದು ಅನ್ನುವಾಗ. ಮೈಸೂರು, ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಅಂತ ಚದುರಿಹೋಗಿರುವ ಮೂವತ್ತು ನಲವತ್ತು ಜನ ನಾವು. ವರ್ಷವಿಡೀ ಫೋನಿನಲ್ಲೇ ಮಾತು. ಮುಖ ನೋಡುವುದು ಎರಡು ದಿನ. ಆ ಎರಡು ದಿನಕ್ಕಾಗಿ ಆರು ತಿಂಗಳ ಮೊದಲೇ ಕಾಂಪೌಂಡಿನ ಮೇಲೆ ಚರ್ಚೆ ಶುರು.

ಕಾಂಪೌಂಡು ಅಂದದ್ದು ಸುಮ್ಮನೆ ಅಲ್ಲ. ಬಳಗದ ಖಜಾಂಚಿ ಪಕ್ಕದ ಮನೆಯ ಪೋಸ್ಟ್‌ಮಾಸ್ಟ್ರು. ನಿವೃತ್ತರಾಗಿ ಬಹಳ ಕಾಲವಾದರೂ ಅವರ ಬಾಯಲ್ಲಿ ಇವತ್ತಿಗೂ ಊರಿಗೆ ಹೆಸರಿಲ್ಲ, ಪಿನ್‌ಕೋಡ್ ಮಾತ್ರ ಇದೆ.

"ಮೇಷ್ಟ್ರೇ, ಈ ಸಲ ಐದು ಎಂಟು ಸೊನ್ನೆ ಸೊನ್ನೆ ಸೊನ್ನೆ ಒಂದು ಹೇಗೆ?" ಅಂದರು ಮೊನ್ನೆ, ಗಿಡಕ್ಕೆ ನೀರು ಬಿಡುತ್ತಾ.

"ಧಾರವಾಡ ತಾನೆ? ಪೇಡೆ ಅಂಗಡಿ ಮುಂದೆ ಕ್ಯೂ ನಿಲ್ಲೋಕೆ ಅಷ್ಟು ದೂರ ಹೋಗ್ಬೇಕೇನ್ರೀ?"

ಮಾತಿಗೆ ಹಾಗೆಂದೆನೇ ಹೊರತು ಧಾರವಾಡವನ್ನು ತಳ್ಳಿಹಾಕುವುದಕ್ಕೆ ಬಾಯಿ ಬರುವುದಿಲ್ಲ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ ಇನ್ನೂ ಅಲ್ಲಿ ಸಭೆ ನಡೆಸುತ್ತಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟ ಸುಭಾಸ ರಸ್ತೆಯಲ್ಲಿದೆ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಇದೆ. ಓದುವವರಿಗೆ ಇನ್ನೇನು ಬೇಕು? ತೊಂದರೆ ಇರುವುದೇ ಅಲ್ಲಿ. ಧಾರವಾಡದಲ್ಲಿ ಸಭೆ ಮಾಡಿದರೆ ನಾವು ಮಾತಾಡುವ ಹಾಗಿಲ್ಲ, ಧಾರವಾಡದವರು ಮಾತಾಡುತ್ತಾರೆ, ನಾವು ಕೇಳಬೇಕು. ಅದೂ ಚೆನ್ನಾಗೇ ಇರುತ್ತದೆ ಅನ್ನಿ. ಆದರೆ ಆಮೇಲೆ ಅದು ನಮ್ಮ ಸಭೆ ಅನ್ನಿಸುವುದಿಲ್ಲ.

ಪೋಸ್ಟ್‌ಮಾಸ್ಟ್ರು ಬಿಡುವ ಆಸಾಮಿಯಲ್ಲ. ಒಳಗೆ ಹೋಗಿ ಕರ್ನಾಟಕದ ಹಳೆಯ ಗೋಡೆ ನಕಾಶೆ ತಂದು ಕಾಂಪೌಂಡಿನ ಮೇಲೆ ಹಾಸಿದರು. ಜೊತೆಗೆ ಹೂ ಕಟ್ಟುವ ದಾರ. ದಾರದ ಒಂದು ತುದಿ ಮೈಸೂರಿನ ಚುಕ್ಕೆಯ ಮೇಲೆ, ಇನ್ನೊಂದು ಕಲಬುರಗಿಯ ಮೇಲೆ. ಅಳತೆಗೆ ಸರಿಯಾಗಿ ಹಲ್ಲಿನಲ್ಲಿ ಕಡಿದು, ಅರ್ಧಕ್ಕೆ ಮಡಚಿ, ಮಡಿಕೆ ಬಿದ್ದ ಜಾಗಕ್ಕೆ ಬೆರಳಿಟ್ಟು ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದರು.

"ಇದೇ ನ್ಯಾಯವಾದ ಊರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ."

"ಯಾವುದ್ರೀ ಅದು?"

"ಮೊಳಕಾಲ್ಮೂರು!"

ಅಷ್ಟು ಹೊತ್ತು ತುಳಸಿಕಟ್ಟೆಯ ಹತ್ತಿರ ತಮ್ಮ ಪಾಡಿಗೆ ತಾವಿದ್ದ ಅವರ ಮನೆಯಾಕೆ ಚಕ್ಕನೆ ತಿರುಗಿದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಬಳಗದಲ್ಲಿ ಪುಸ್ತಕವನ್ನು ಕೊನೆಯ ಪುಟದವರೆಗೆ ಓದುವ ಕೆಲವೇ ಮಂದಿಯಲ್ಲಿ ಅಕ್ಕನೂ ಒಬ್ಬರು. "ಮೊಳಕಾಲ್ಮೂರಾದ್ರೆ ನಂದು ಎರಡು ಓಟು" ಅಂದರು. ಎರಡನೆಯ ಓಟು ಯಾರದು ಅಂತ ಪೋಸ್ಟ್‌ಮಾಸ್ಟ್ರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರೇಷ್ಮೆ ಸೀರೆಯ ಊರಿನಲ್ಲಿ ಕಾದಂಬರಿ ಚರ್ಚೆ ಇಟ್ಟರೆ ಮಧ್ಯಾಹ್ನದ ಗೋಷ್ಠಿಗೆ ಯಾರು ಉಳಿಯುತ್ತಾರೆ ಅನ್ನುವುದು ಇಬ್ಬರಿಗೂ ಹೊಳೆದಿತ್ತು. ನಕಾಶೆಯನ್ನು ಅಲ್ಲಿಗೇ ಸುತ್ತಿ ಇಟ್ಟೆವು.

ಸಾಹಿತ್ಯ ಸಮ್ಮೇಳನಕ್ಕೂ ಊರು ಹುಡುಕುತ್ತಾರೆ, ಆದರೆ ಅವರ ಪಾಡು ಬೇರೆ. ಅಲ್ಲಿ ನಮಗೆ ಕೊಡಿ, ನಮಗೆ ಕೊಡಿ ಅಂತ ಜಿಲ್ಲೆಗಳೇ ಮುಂದೆ ಬರುತ್ತವೆ. 1915ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಮೈಸೂರು, ಧಾರವಾಡ ಕಂಡು, ಆಮೇಲೆ ಕಾಸರಗೋಡು, ಸೊಲ್ಲಾಪುರ, ಮುಂಬಯಿ ಅಂತ ತಿರುಗಿ, 1978ರಲ್ಲಿ ದೆಹಲಿಯವರೆಗೂ ಹೋಗಿ ಬಂತು. ನಮ್ಮನ್ನು ಇವತ್ತಿನವರೆಗೆ ಒಂದು ಊರೂ ಕರೆದಿಲ್ಲ. ಕರೆಯದೆ ಹೋಗುವವರಿಗೆ ಆಯ್ಕೆ ಹೆಚ್ಚು, ಮರ್ಯಾದೆ ಕಮ್ಮಿ. ಊಟದ ವಿಷಯದಲ್ಲಿ ಮಾತ್ರ ದೊಡ್ಡವರಿಗೂ ನಮಗೂ ವ್ಯತ್ಯಾಸವಿಲ್ಲ. 2024ರ ಮಂಡ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ದನಿ ಎದ್ದಿತಲ್ಲ, ಅದನ್ನು ಪೇಪರಿನಲ್ಲಿ ಓದಿ ನಮ್ಮವರೂ ಎರಡು ಪಂಗಡವಾದರು. ಆ ತಿಂಗಳ ಪುಸ್ತಕದ ಬಗ್ಗೆ ಅಷ್ಟು ಬಿಸಿಯಾದ ಚರ್ಚೆ ನಡೆದದ್ದು ನನಗೆ ನೆನಪಿಲ್ಲ.

ಮಂಗಳೂರಿನ ಸದಸ್ಯರೊಬ್ಬರದು ಪ್ರತಿ ವರ್ಷ ಒಂದೇ ಪಟ್ಟು, ಮಂಜೇಶ್ವರ. ಗೋವಿಂದ ಪೈಗಳ ಮನೆ ಇದೆ, ಅಲ್ಲೇ 'ಗಿಳಿವಿಂಡು' ಸ್ಮಾರಕ ಇದೆ, ಸಮುದ್ರ ಇದೆ, ಗಡಿಯಾಚೆಯ ಕನ್ನಡಿಗರಿಗೆ ಒಂದಿಷ್ಟು ಧೈರ್ಯ ಹೇಳಿದ ಹಾಗೂ ಆಗುತ್ತದೆ ಅನ್ನುತ್ತಾರೆ. ಮಾತು ಸರಿಯೇ. ಆದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಳಗದ ಭೂಗೋಳವೇ ಬದಲಾಗಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಅದೂ ರಾಜ್ಯದೊಳಗೆ. ಬಳಗದಲ್ಲಿ ಹೆಂಗಸರೇ ಹೆಚ್ಚು. ಮಂಜೇಶ್ವರ ಕೇರಳಕ್ಕೆ ಸೇರಿಹೋದದ್ದರ ಬಗ್ಗೆ 1956ರಿಂದ ಕನ್ನಡಿಗರು ಎಷ್ಟೋ ಸಲ ನೊಂದುಕೊಂಡಿದ್ದಾರೆ. ಬಸ್ ಚಾರ್ಜಿನ ಕಾರಣಕ್ಕೆ ನೊಂದುಕೊಂಡವರು ನಮ್ಮ ಬಳಗದವರೇ ಮೊದಲಿಗರು ಇರಬೇಕು.

"ನೀವು ಗಂಡಸರು ರೈಲಲ್ಲಿ ದುಡ್ಡು ಕೊಟ್ಟು ಬನ್ನಿ. ನಾವು ಆಧಾರ್ ಕಾರ್ಡ್ ತೋರಿಸ್ಕೊಂಡು ಕೆಂಪು ಬಸ್ಸಲ್ಲಿ ಬರ್ತೀವಿ. ಯಾರು ಮೊದಲು ಬರ್ತಾರೋ ನೋಡೋಣ" ಅನ್ನುತ್ತಾರೆ ಅಕ್ಕ.

ಊರು ಆರಿಸುವಾಗ ಪುಸ್ತಕಪ್ರಿಯರು ಏನು ಕೇಳುತ್ತಾರೆ ಅಂತ ನಿಮಗೆ ಕುತೂಹಲ ಇರಬಹುದು. ಆ ಊರಿನ ಲೇಖಕರು ಯಾರು, ಲೈಬ್ರರಿ ಇದೆಯೇ, ಹಳೆಯ ಪುಸ್ತಕದ ಅಂಗಡಿ ಇದೆಯೇ ಅಂತ ತಿಳಿದಿದ್ದರೆ ಆ ಭ್ರಮೆ ಬಿಡಿ. ಮೊದಲನೆಯ ಪ್ರಶ್ನೆ, ಕಮೋಡ್ ಇದೆಯಾ. ಎರಡನೆಯದು, ಬೆಳಿಗ್ಗೆ ಐದಕ್ಕೆ ಬಿಸಿನೀರು ಬರುತ್ತಾ. ಮೂರನೆಯದು, ಗೊರಕೆಯವರಿಗೆ ಬೇರೆ ಕೋಣೆ ಉಂಟಾ. ಮೈಸೂರಿನವರು ಇದರ ಜೊತೆಗೆ ಕಾಫಿ ಎಂಥದು ಅಂತಲೂ ವಿಚಾರಿಸುತ್ತಾರೆ. ಉತ್ತರದ ಕಡೆ ಚಹಾ ಮಾತ್ರ ಸಿಗಬಹುದು ಅನ್ನುವ ಸಣ್ಣ ಸಂಶಯ ಬಂದರೂ ಸಾಕು, ಡಿಕಾಕ್ಷನ್ ಫ್ಲಾಸ್ಕು ಬ್ಯಾಗಿಗೆ ಬಿತ್ತು. ಪುಸ್ತಕ ಹೊರಗೆ ಉಳಿಯಿತು, ಜಾಗ ಇರಲಿಲ್ಲ.

ಜಾಗ ಹುಡುಕುವವರಿಗೆ ಒಂದು ಗುಟ್ಟು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ಧನುರ್ಮಾಸದಲ್ಲಿ ಸೇರಬೇಕು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಮುಹೂರ್ತ ಇಲ್ಲ, ಕಲ್ಯಾಣಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ. ಬೇರೆ ತಿಂಗಳಲ್ಲಿ ಹೋಗಿ ಪುಸ್ತಕ ಚರ್ಚೆಗೆ ಹಾಲ್ ಬೇಕು ಅಂದರೆ ಮ್ಯಾನೇಜರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಧನುರ್ಮಾಸದಲ್ಲಿ ಕುರ್ಚಿ ಹಾಕಿ ಕೂರಿಸಿ, ಬಾಡಿಗೆ ಚೌಕಾಸಿಗೂ ಒಪ್ಪುತ್ತಾರೆ. ಕೋಣೆ, ಅಡುಗೆಮನೆ, ಪಾತ್ರೆ, ಜಮಖಾನ ಎಲ್ಲ ಒಂದೇ ಸೂರಿನಡಿ. ಆಷಾಢದಲ್ಲೂ ಮದುವೆ ಇರುವುದಿಲ್ಲ ನಿಜ, ಆದರೆ ಮಲೆನಾಡಿನ ಕಡೆ ಹೋದರೆ ಮಳೆ. ಕುಪ್ಪಳಿಗೆ ಆಷಾಢದಲ್ಲಿ ಹೋಗೋಣ, ಬಾಡಿಗೆ ಉಳಿಯುತ್ತೆ ಅಂದ ಮಹಾನುಭಾವರೊಬ್ಬರು ನಮ್ಮಲ್ಲಿದ್ದಾರೆ. ಕವಿಶೈಲದ ಮೇಲೆ ಛತ್ರಿ ಹಿಡಿದು ನಿಂತು ಜಿಗಣೆ ಕೀಳಿಸಿಕೊಳ್ಳುತ್ತಾ ಯಾವ ಪುಸ್ತಕ ಚರ್ಚೆ ಮಾಡುವುದು?

ಊಟ, ಬಸ್ಸು, ಬಾಡಿಗೆ ಇವೆಲ್ಲ ಹೇಗೋ ಹೊಂದುತ್ತವೆ. ಸಭೆಯನ್ನು ನಿಜಕ್ಕೂ ಕೆಡಿಸುವುದು ನೆಂಟರು. ಇದನ್ನು ಕಂಡುಹಿಡಿದವರು ಅಕ್ಕ.

ಬೆಂಗಳೂರಿನಲ್ಲಿ ಸೇರಿದ ವರ್ಷ ನೋಡಿ. ಬೆಳಿಗ್ಗೆ ಹಾಲ್ ತುಂಬಿತ್ತು. ಮಧ್ಯಾಹ್ನದ ಪಾಯಸ ಆದ ಮೇಲೆ ಅರ್ಧ ಜನ ಇಲ್ಲ. ಮಗಳ ಮನೆ, ಮೊಮ್ಮಗನ ಸ್ಕೂಲ್ ಡೇ, ಭಾವನ ಮಂಡಿ ಆಪರೇಷನ್ನು, ಚಿಕ್ಕಪೇಟೆಯಲ್ಲಿ ಒಂದೇ ಒಂದು ಸಣ್ಣ ಕೆಲಸ. ನಾಲ್ಕು ಗಂಟೆಗೆ ಬಂದೆ ಅಂತ ಹೋದವರು ಮಾರನೆಯ ದಿನ ಫೋಟೋ ತೆಗೆಯುವ ಹೊತ್ತಿಗೆ ಬಂದರು, ಟ್ರಾಫಿಕ್ಕನ್ನು ಬಯ್ಯುತ್ತಾ. ಮೈಸೂರಿನಲ್ಲೂ ಇದೇ ಕಥೆ. ಅದಕ್ಕೆ ಹೋಲಿಸಿದರೆ ಹೆಗ್ಗೋಡಿನ ಕಡೆ ಸೇರಿದ ವರ್ಷವೇ ವರ್ಷ. ಕೆ.ವಿ. ಸುಬ್ಬಣ್ಣನವರ ಊರು, ನೀನಾಸಮ್‌ನಲ್ಲಿ ನಾಟಕ, ಅಕ್ಷರ ಪ್ರಕಾಶನದಲ್ಲಿ ಪುಸ್ತಕ, ಎಲ್ಲ ಇದ್ದದ್ದೇ. ಆದರೆ ಸಭೆ ಗೆದ್ದದ್ದು ಬೇರೆ ಕಾರಣಕ್ಕೆ. ಸಂಜೆ ಕತ್ತಲಾಯಿತು, ಸಾಗರದ ಬಸ್ಸು ಹೋಯಿತು, ಹೋಗಲು ಯಾರಿಗೂ ಎಲ್ಲೂ ಜಾಗವಿಲ್ಲ. ಜಗಲಿಯಲ್ಲಿ ಕೂತು ಚರುಮುರಿ ತಿನ್ನುತ್ತಾ ನಡುರಾತ್ರಿಯವರೆಗೆ ಮಾತಾಡಿದೆವು. ಬಾಯಿ ಬಿಡದೆ ಕೂತಿರುತ್ತಿದ್ದ ಕಲಬುರಗಿಯ ಒಬ್ಬ ಸದಸ್ಯರು ಅವತ್ತು ಕಾದಂಬರಿಯ ಒಂದು ಪಾತ್ರವನ್ನು ಹಿಡಿದು ಎಳೆದಾಡಿದ ರೀತಿ ಕೇಳಿ ಕಾಲೇಜು ಪಾಠ ಮಾಡಿದ ನಾನೂ ಸುಮ್ಮನಾದೆ.

"ಅದಕ್ಕೇ ಹೇಳೋದು, ನಮ್ಮಲ್ಲಿ ಯಾರಿಗೂ ನೆಂಟರಿಲ್ಲದ ಊರು ಹುಡುಕಿ" ಅಂದರು ಅಕ್ಕ.

ಇಂಥ ಊರು ಕರ್ನಾಟಕದಲ್ಲಿ ಸಿಗುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ಶಿವಮೊಗ್ಗದಲ್ಲಿ ಒಬ್ಬರ ಬೀಗರು. ದಾವಣಗೆರೆಯಲ್ಲಿ ಇನ್ನೊಬ್ಬರ ಅಣ್ಣ, ಸಾಲದ್ದಕ್ಕೆ ಬೆಣ್ಣೆ ದೋಸೆ. ಕಲಬುರಗಿಯಲ್ಲಿ ಸದಸ್ಯರೇ ನೆಂಟರು. ಪೋಸ್ಟ್‌ಮಾಸ್ಟ್ರು ನಿವೃತ್ತಿಯ ನಂತರ ಇಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, "ನಿಮಗೆ ಎಲ್ಲೆಲ್ಲಿ ಬಂಧುಗಳಿದ್ದಾರೆ, ದಯವಿಟ್ಟು ಮುಚ್ಚಿಡದೆ ಹೇಳಿ" ಅಂತ ವಿಚಾರಣೆ. ಕೊನೆಗೆ ಒಂದು ಬೆಳಿಗ್ಗೆ ಕಾಂಪೌಂಡಿಗೆ ಬಂದು, ತಂತಿ ಓದುವವರ ಗತ್ತಿನಲ್ಲಿ ಹೇಳಿದರು:

"ಐದು ಎಂಟು ಎರಡು, ಒಂದು ಸೊನ್ನೆ ಒಂದು."

ಗದಗ!

ಯಾಕೆ ಇಷ್ಟು ದಿನ ಹೊಳೆಯಲಿಲ್ಲವೋ. ಮೈಸೂರಿನಿಂದ ಹೊರಡುವ ಗೋಲಗುಂಬಜ್, ಹಂಪಿ ಎರಡೂ ರೈಲು ಗದಗ ಮುಟ್ಟುತ್ತವೆ. ಕನ್ನಡದಲ್ಲಿ ಒಂದು ಕಾವ್ಯಕ್ಕೆ ಊರಿನ ಹೆಸರೇ ಅಂಟಿಕೊಂಡು 'ಗದುಗಿನ ಭಾರತ' ಅಂತ ನಿಂತಿರುವಾಗ ಓದುಗರು ಅಲ್ಲಿಗೆ ಹೋಗದೆ ಇದ್ದರೆ ಹೇಗೆ? ಅಚ್ಚಿನ ಕೆಲಸಕ್ಕೂ ಹೆಸರಾದ ಊರು, ಉತ್ತರ ಕರ್ನಾಟಕದ ಎಷ್ಟೋ ಪುಸ್ತಕಗಳು ಅಲ್ಲಿನ ಮುದ್ರಣಾಲಯಗಳಲ್ಲೇ ತಯಾರಾಗಿ ಬಂದವು. ಗೀತಾ ನಾಗಭೂಷಣ ಅಧ್ಯಕ್ಷರಾಗಿದ್ದ 2010ರ ಸಮ್ಮೇಳನ ನಡೆದದ್ದೂ ಅಲ್ಲೇ. ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಲಕ್ಕುಂಡಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಈಕೆ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಪುಸ್ತಕ ಎರವಲು ಕೊಟ್ಟರೆ ವಾಪಸ್ ಬರುವುದಿಲ್ಲ ಅಂತ ಬೀರುವಿಗೆ ಬೀಗ ಹಾಕುವ ನಮ್ಮ ಬಳಗದವರು ಆ ಗುಡಿಯ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ ನಿಲ್ಲಬೇಕಾದದ್ದೇ.

ಹುಬ್ಬಳ್ಳಿಯ ಸದಸ್ಯರಿಗೆ ಫೋನ್ ಮಾಡಿದೆ. "ಭಾಳ ಚಲೋ ಆತು ನೋಡ್ರಿ ಸರ. ಹಾಲ್ ನಾ ನೋಡ್ತೇನಿ. ರೊಟ್ಟಿ, ಎಣಗಾಯಿ, ಸಂಜೀಗೆ ಮಿರ್ಚಿ-ಗಿರಮಿಟ್ಟು. ನೀರಿಂದು ಮಾತ್ರ ಮೊದಲs ಹೇಳಿ ಇಡಬೇಕಾಗತದ" ಅಂದರು. ಗದಗ-ಬೆಟಗೇರಿಯ ನೀರಿನ ತಾಪತ್ರಯ ನಾಡಿಗೇ ಗೊತ್ತಿರುವುದು, ಅದಕ್ಕೆ ಟ್ಯಾಂಕರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದ್ದೇವೆ. ಗಮಕಿಯೊಬ್ಬರನ್ನು ಒಪ್ಪಿಸುವ ಜವಾಬ್ದಾರಿಯೂ ಅವರದೇ. ಭಾಮಿನಿಯನ್ನು ನಾವು ಕಣ್ಣಲ್ಲಿ ಓದಿ ಕೆಡಿಸುವುದಕ್ಕಿಂತ ಅವರು ಹಾಡಿ ಕೇಳಿಸುವುದು ಮೇಲು.

ಪೋಸ್ಟ್‌ಮಾಸ್ಟ್ರು ಇನ್ನೊಂದು ಸೂಚನೆ ಕೊಟ್ಟರು. ಕುಮಾರವ್ಯಾಸ ಮಿಂದು ಒದ್ದೆ ಬಟ್ಟೆಯಲ್ಲಿ ವೀರನಾರಾಯಣನ ಗುಡಿಯ ಕಂಬದ ಬಳಿ ಕೂರುತ್ತಿದ್ದ, ಬಟ್ಟೆ ಒಣಗುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತು ಅಂತ ಪ್ರತೀತಿ ಇದೆಯಲ್ಲ, ನಮ್ಮ ಭಾಷಣಕಾರರಿಗೂ ಅದೇ ನಿಯಮ ಇರಲಿ ಅಂದರು. ಒದ್ದೆ ಟವೆಲು ಹೆಗಲಿಗೆ ಹಾಕುವುದು, ಒಣಗಿದ ಕೂಡಲೇ ಇಳಿಸುವುದು. ಧನುರ್ಮಾಸದಲ್ಲಿ ಟವೆಲು ಬೇಗ ಒಣಗುವುದಿಲ್ಲ ಅಂತ ಅಕ್ಕ ಆಕ್ಷೇಪ ಎತ್ತಿದ್ದರಿಂದ ಕರವಸ್ತ್ರಕ್ಕೆ ಇಳಿಸಿದ್ದೇವೆ.

ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಪೋಸ್ಟ್‌ಮಾಸ್ಟ್ರು ತಲೆ ಕೆರೆದುಕೊಂಡು, "ಅಲ್ಲ ಕಣೇ, ನಿಮ್ಮ ದೊಡ್ಡಪ್ಪನ ಮೊಮ್ಮಗಳನ್ನ ಬೆಟಗೇರಿಗಲ್ವಾ ಕೊಟ್ಟಿರೋದು?" ಅಂದರು.

"ಬಾಯಿ ಮುಚ್ಚಿ. ಅವಳಿಗೆ ಗೊತ್ತಾದ್ರೆ ಊಟಕ್ಕೆ ಕರೀತಾಳೆ" ಅಂದರು ಅಕ್ಕ.

ಹಾಗಾಗಿ ಬಳಗದವರಲ್ಲಿ ವಿನಂತಿ. ಈ ಸಲ ಗದಗ, ಧನುರ್ಮಾಸದ ಎರಡನೆಯ ಶನಿವಾರ, ಭಾನುವಾರ. ಒಂದು ಹೊದಿಕೆ, ಒಂದು ಚೊಂಬು ತನ್ನಿ. ಉದ್ಯೋಗಪರ್ವ ಓದಿಕೊಂಡು ಬನ್ನಿ. ಓದದೆ ಬಂದವರಿಗೂ ಊಟ ಉಂಟು, ಮಾತಾಡಲು ಮಾತ್ರ ಸರದಿ ಸಿಗುವುದಿಲ್ಲ.